ನಿನ್ನ ಭಾವನ ಎದೆಯ ಸಮಾಚಾರ

ಭಾನುವಾರ, ಮಾರ್ಚ್ ೧೪

ನನ್ನ ಪ್ರೀತಿಯ ತಂಗಿ ಮರಿಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಹೋದರೆ ಪೆನ್ನು ನಿಂತಿತು, ಅದಕ್ಕೆ ಇದ್ದೇವೆ ಎಂದಷ್ಟೇ ಬರೆದೆ. ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ.

ನಿನ್ನ ಕಾಗದಗಳೆಲ್ಲ ತಲುಪಿವೆ. ಉತ್ತರ ಬರೆಯದೆ ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮೊದಲನೆಯದನ್ನು ಬಂದ ದಿನವೇ ಓದಿದೆ. ಆಮೇಲಿನವು ಹೊಲಿಗೆ ಯಂತ್ರದ ಪಕ್ಕ, ಪರದೆ ಬಟ್ಟೆಯ ರಾಶಿಯ ಕೆಳಗೆ ಹಾಗೇ ಇದ್ದವು. ಬಟ್ಟೆ ಕತ್ತರಿಸುವಾಗ ಈಗ ಸಿಕ್ಕವು ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳಾಗುತ್ತದೆ. ಅಲ್ಲಿವೆ ಎಂದು ಗೊತ್ತಿತ್ತು, ಒಡೆಯಲು ಮನಸ್ಸಾಗಲಿಲ್ಲ. ಫೋನು ಎತ್ತದ್ದೂ ಅದಕ್ಕೇ. ಮಾತಿಗೆ ಕೂತರೆ ತಪ್ಪಿಸಿಕೊಳ್ಳಲಾಗದು. ಬರೆಯುವಾಗಾದರೆ ನಡುವೆ ಎದ್ದು ಹೋಗಿ ಮುಖ ತೊಳೆದು ಬರಬಹುದು.

ಇವತ್ತು ಬೆಳಿಗ್ಗೆ ಎಲ್ಲ ಒಡೆದು ಓದಿದೆ. ಎಲ್ಲ ಕಾಗದದಲ್ಲೂ ನೀನು ಕೇಳಿರುವುದು ಒಂದೇ. ಭಾವ ಹೇಗಿದ್ದಾರೆ, ಅವರ ಹಾರ್ಟ್ ಹೇಗಿದೆ, ಆ ವ್ಯಾಯಾಮ ಇನ್ನೂ ಮಾಡುತ್ತಿದ್ದಾರಾ ಎಂದು. ಬೇರೆ ಏನು ಕೇಳುವುದೆಂದು ನಿನಗೂ ತೋಚಿರಲಿಕ್ಕಿಲ್ಲ. ಹಾಗಾಗಿ ಅದನ್ನೇ ಬರೆಯುತ್ತೇನೆ. ಫೋನಿನಲ್ಲಿ ನಿನಗೆ ಹೇಳಿದ್ದೆಲ್ಲ ಚೂರುಪಾರು. ಮೊದಲಿನಿಂದ ಹೇಳದಿದ್ದರೆ ನಿನಗೆ ಅರ್ಥವಾಗುವುದಿಲ್ಲ. ನನಗೇ ಇನ್ನೂ ಅರ್ಥವಾಗಿಲ್ಲ.

ನಿನ್ನ ಭಾವನಿಗೆ ಮೆಟ್ಟಿಲು ಕಂಡರೆ ಆಗದು ಎಂದು ನಿನಗೆ ಗೊತ್ತು. ಲಿಫ್ಟ್ ರಿಪೇರಿ ಮಾಡುವವರ ಹಣೆಬರಹವೇ ಅದು. ಲಿಫ್ಟ್ ಕೆಟ್ಟ ದಿನವೇ ಅವರಿಗೆ ಕರೆ ಬರುವುದು, ಕೆಟ್ಟ ದಿನ ಅದು ಅವರನ್ನು ಮೇಲೆ ಒಯ್ಯುವುದಿಲ್ಲ. ಊರಿನವರೆಲ್ಲ ನಿಂತಲ್ಲೇ ಮೇಲೇರಲಿ ಎಂದು ಇವರು ಸಾಮಾನಿನ ಚೀಲ ಹೊತ್ತು ಏದುಸಿರು ಬಿಡುತ್ತ ತಾರಸಿಯ ಮೋಟಾರು ಕೋಣೆಯವರೆಗೆ ಹತ್ತಬೇಕು. ಮನೆ ಮಾಡುವಾಗ ನೆಲಮಹಡಿಯೇ ಬೇಕೆಂದು ಹಠ ಹಿಡಿದದ್ದೂ ಅದಕ್ಕೇ. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ನಡೆಯಿರಿ ಎಂದರೆ, ನನ್ನದು ದಿನವೂ ನಡಿಗೆಯೇ ಎಂದು ಹೇಳಿ ಬಂದರು. ಟೀಗೆ ಎರಡು ಚಮಚ ಸಕ್ಕರೆ ಹಾಕಿಕೊಂಡು ಕುಡಿದು ಅದರ ಮೇಲೆ ಮಾತ್ರೆ ನುಂಗುತ್ತಿದ್ದರು. ಕಳ್ಳನ ಹಿಂದೆ ಪೊಲೀಸಿನವನನ್ನು ಕಳಿಸಿದ್ದೇನೆ, ಇನ್ನು ಅವರವರೇ ನೋಡಿಕೊಳ್ಳುತ್ತಾರೆ ಎಂದು ನಗುತ್ತಿದ್ದರು.

ಅವರನ್ನು ಹಿಡಿತದಲ್ಲಿ ಇಟ್ಟವಳು ಮಗಳೊಬ್ಬಳೇ. ಚಿಕ್ಕವಳಿದ್ದಾಗ, ಕೆಲಸದಿಂದ ಬಂದವರ ಅಂಗೈ ತಿರುಗಿಸಿ ಗ್ರೀಸ್ ಹೋಗಿದೆಯೇ ಎಂದು ನೋಡಿಯೇ ಒಳಗೆ ಬಿಡುತ್ತಿದ್ದಳಲ್ಲ, ಅಂದಿನಿಂದ ಅವರ ಬಾಯಲ್ಲಿ ಅವಳು ‘ಇನ್‌ಸ್ಪೆಕ್ಟರ್’. ಲಿಫ್ಟ್ ನೋಡಿ ಸಹಿ ಹಾಕಲು ಬರುವ ನಿಜವಾದ ಇನ್‌ಸ್ಪೆಕ್ಟರಿಗೆ ಹೆದರದವರು ಇವಳಿಗೆ ಹೆದರುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ, ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಅವರ ಮಾತ್ರೆ ಡಬ್ಬಿ ಅಲ್ಲಾಡಿಸಿ ನೋಡುತ್ತಿದ್ದಳು. ಎಲ್ಲರನ್ನೂ ನೋಡಿಕೊಂಡವಳ ಮುಖ ಊದಿದ್ದು, ಪಾದ ಊದಿದ್ದು ನಮ್ಮಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ ನೋಡು. ನಿದ್ದೆ ಹೆಚ್ಚಾಗಿದೆ ಎಂದುಕೊಂಡೆವು.

ಎರಡೂ ಕಿಡ್ನಿ ಸುರುಟಿಹೋಗಿವೆ ಎಂದು ಹೇಳಿದ ದಿನ ನೀನೂ ನಮ್ಮ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಅದನ್ನು ಮತ್ತೆ ಬರೆಯುವುದಿಲ್ಲ. ಡಯಾಲಿಸಿಸ್ ಶುರುವಾಯಿತು. ನನ್ನ ರಕ್ತದ ಗುಂಪು ಅವಳಿಗೆ ಹೊಂದಲಿಲ್ಲ. ನಿನ್ನದು ಏನಾಯಿತೆಂದು ನಿನಗೇ ಗೊತ್ತು. ತೀರಿಕೊಂಡವರ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ಹೆಸರು ಬರೆಸಿದೆವು. ಆ ಸಾಲಿನ ತುದಿ ಯಾರ ಕಣ್ಣಿಗೂ ಕಾಣದು. ಕೊನೆಗೆ ಉಳಿದವರು ನಿನ್ನ ಭಾವ. ರಕ್ತದ ಗುಂಪೇನೋ ಹೊಂದುತ್ತಿತ್ತು, ಆದರೆ ಸಕ್ಕರೆ ಕಾಯಿಲೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕಿಡ್ನಿ ಡಾಕ್ಟರು ಫೈಲು ಮುಚ್ಚಿದರು.

“ಈಗ ನಿಮ್ಮನೇಲಿ ರೋಗಿ ಒಬ್ಬರು. ನಿಮ್ಮದು ತೆಗೆದ್ರೆ ಇಬ್ಬರಾಗ್ತೀರಿ,” ಎಂದರು.

“ಸಕ್ಕರೆ ಹೋದ್ರೆ?” ಎಂದು ಇವರು ಕೇಳಿದರು.

ಡಾಕ್ಟರು ಆಗಲೇ ಮುಂದಿನವರ ಚೀಟಿ ಓದುತ್ತಿದ್ದರು. “ಹೋದ್ಮೇಲೆ ಮಾತಾಡೋಣ,” ಎಂದರು.

ಪಾಪ, ಅವರು ಮಾತಿಗೆ ಅಂದದ್ದು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಂತೆ. ನಿನ್ನ ಭಾವ ಆ ಮಾತನ್ನು ಮುಚ್ಚಳಿಕೆ ಬರೆಸಿಕೊಂಡವರ ಹಾಗೆ ಹಿಡಿದುಕೊಂಡು ಹೊರಗೆ ಬಂದರು.

ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಕ್ಕರೆ ಕಾಯಿಲೆಯವರಿಗೆಂದು ವ್ಯಾಯಾಮದ ಕೋಣೆ ಇದೆ. ಸೇರಿಸಿಕೊಳ್ಳುವ ಮೊದಲು ಹಾರ್ಟಿನ ಸ್ಕ್ಯಾನ್ ಮಾಡಿದರು. ಹಾರ್ಟ್ ಡಾಕ್ಟರು ಇನ್ನೂ ಎಳೆಯ ವಯಸ್ಸಿನವರು, ತಾಳ್ಮೆಯಿಂದ ಪರದೆಯ ಮೇಲೆ ತೋರಿಸಿದರು. ವರ್ಷಗಟ್ಟಲೆ ಸಕ್ಕರೆಯಲ್ಲಿ ನೆಂದು ಇವರ ಹಾರ್ಟಿನ ಮಾಂಸ ಬಿರುಸಾಗಿದೆಯಂತೆ. ಹಿಂಡುವಾಗ ಚೆನ್ನಾಗಿಯೇ ಹಿಂಡುತ್ತದೆ, ಆದರೆ ಹಿಂಡಿದ ಮೇಲೆ ಸಡಿಲವಾಗುವುದಿಲ್ಲ. ಸಡಿಲವಾಗದಿದ್ದರೆ ರಕ್ತ ತುಂಬಿಕೊಳ್ಳುವುದು ಹೇಗೆ, ಏದುಸಿರು ಬರುವುದು ಅದಕ್ಕೇ ಎಂದರು. “ಬ್ರೇಕ್ ಬಿಡ್ತಾ ಇಲ್ಲ ಅನ್ನಿ,” ಎಂದರು ಇವರು. ಡಾಕ್ಟರಿಗೆ ಅದು ಹಿಡಿಸಿತು. ಆರಾಮಾಗಿ ಅಡ್ಡಾಡಿದರೆ ಈ ಬಿರುಸು ಅಷ್ಟಾಗಿ ಬಗ್ಗದು, ಜೋರಾಗಿ ಮೈ ದಂಡಿಸಿದರೆ ಬಗ್ಗಬಹುದು, ಸಕ್ಕರೆಯೂ ಇಳಿಯಬಹುದು ಎಂದರು. ಆದರೆ ಒಬ್ಬರೇ ಮಾಡಬಾರದು. ಸಕ್ಕರೆ ಕಾಯಿಲೆಯಲ್ಲಿ ನರ ಮಂದವಾಗಿ, ಎದೆಯೊಳಗೆ ಅನಾಹುತವೇ ಆಗುತ್ತಿದ್ದರೂ ಕೆಲವರಿಗೆ ನೋವೇ ಗೊತ್ತಾಗುವುದಿಲ್ಲವಂತೆ.

ಆ ಕೋಣೆಯನ್ನು ನಡೆಸುವಾಕೆ ಒಂದು ಕಾಲದಲ್ಲಿ ಓಟದ ಪಂದ್ಯಗಳಲ್ಲಿ ಓಡುತ್ತಿದ್ದವರು. ಕೊರಳಲ್ಲಿ ಸದಾ ಒಂದು ಸೀಟಿ. ಎಲ್ಲರೂ ಅವರನ್ನು ಸೀಟಿ ಮೇಡಂ ಎನ್ನುತ್ತಾರೆ, ಎದುರಿಗೂ ಹಾಗೇ ಕರೆಯುತ್ತಾರೆ. ಅವರು ಒಮ್ಮೆ ಊದಿದರೆ ಅಲ್ಲಾಡದಂತೆ ನಿಲ್ಲಿಸಿದ ಸೈಕಲ್ಲನ್ನು ನಾಯಿ ಅಟ್ಟಿಸಿಕೊಂಡು ಬಂದಂತೆ ತುಳಿಯಬೇಕು, ಮತ್ತೊಮ್ಮೆ ಊದಿದರೆ ನಿಧಾನ, ಮತ್ತೆ ಊದಿದರೆ ಮತ್ತೆ ನಾಯಿ. ಮೊದಲ ದಿನ ಇವರು ಬಕೆಟ್ ತಬ್ಬಿಕೊಂಡು ವಾಂತಿ ಮಾಡಿ ಬಂದರು. ಎರಡನೇ ದಿನ ಹೋಗಲಾರರು ಎಂದುಕೊಂಡೆ. ನನಗಿಂತ ಮುಂಚೆ ಎದ್ದು ಬೂಟು ಕಟ್ಟಿಕೊಂಡು ಕೂತಿದ್ದರು.

ಮಗಳ ಡಯಾಲಿಸಿಸ್ ದಿನವೇ ಇವರ ವ್ಯಾಯಾಮದ ದಿನವೂ ಬರುವಂತೆ ಸೀಟಿ ಮೇಡಂ ಹೊಂದಿಸಿಕೊಟ್ಟರು. ಅವಳು ಮೇಲೆ ಕುರ್ಚಿಯಲ್ಲಿ ಒರಗಿರುತ್ತಿದ್ದಳು, ಅವಳ ರಕ್ತ ಯಂತ್ರದೊಳಗೆ ಹೋಗಿ ಬರುತ್ತಿತ್ತು. ಕೆಳಗೆ ಇವರು ಸೈಕಲ್ ತುಳಿಯುತ್ತಿದ್ದರು. ನಾನು ನಡುವಿನ ಮಹಡಿಯ ಬೆಂಚಿನ ಮೇಲೆ ಪರದೆಗಳ ಅಂಚು ಹೊಲಿಯುತ್ತ ಕೂರುತ್ತಿದ್ದೆ. ಮುಗಿಸಿ ಮೇಲೆ ಬಂದವರ ಅಂಗಿ ಹಿಂಡಿದರೆ ನೀರು ಬರುವಂತಿರುತ್ತಿತ್ತು. ಅವಳು ನೋಡಿ, ಸಿಸ್ಟರ್, ನನಗಿಂತ ಇವರೇ ಸುಸ್ತಾಗಿದ್ದಾರೆ, ಇವರನ್ನು ಮಲಗಿಸಿ, ನಾನು ಎದ್ದುಬಿಡುತ್ತೇನೆ ಎನ್ನುತ್ತಿದ್ದಳು. ಇಬ್ಬರೂ ಅವತ್ತಿನ ರಿಪೋರ್ಟುಗಳನ್ನು ಪರೀಕ್ಷೆ ಬರೆದು ಬಂದ ಮಕ್ಕಳ ಹಾಗೆ ಹೋಲಿಸುತ್ತಿದ್ದರು. ಇವರದು ವಾರದಿಂದ ವಾರಕ್ಕೆ ಇಳಿಯುತ್ತಿತ್ತು. ಅವಳದು ಇಳಿಯಬೇಕಾದ್ದು ಏರುತ್ತಿತ್ತು, ಏರಬೇಕಾದ್ದು ಇಳಿಯುತ್ತಿತ್ತು.

ಇವರಿಗೆ ಆಸ್ಪತ್ರೆಯ ವ್ಯಾಯಾಮ ಸಾಲಲಿಲ್ಲ. ಕೆಲಸಕ್ಕೆ ಹೋದ ಕಟ್ಟಡಗಳಲ್ಲಿ ಲಿಫ್ಟ್ ಚೆನ್ನಾಗಿದ್ದರೂ ಮೆಟ್ಟಿಲು ಹತ್ತತೊಡಗಿದರು, ಅದೂ ಓಡಿಕೊಂಡು. ಕಾವಲುಗಾರರು ನಕ್ಕರಂತೆ, ಲಿಫ್ಟಿನವರಿಗೇ ಲಿಫ್ಟಿನ ಮೇಲೆ ನಂಬಿಕೆ ಇಲ್ಲ ಎಂದು. ಒಂದು ದಿನ ಹಾಗೇ ಹತ್ತುತ್ತ ಸಕ್ಕರೆ ತೀರಾ ಕೆಳಗಿಳಿದು ಮೆಟ್ಟಿಲ ತಿರುವಿನಲ್ಲಿ ಕುಸಿದು ಕೂತರು. ಮೈಯೆಲ್ಲ ಬೆವರಿ, ಯಾವ ಕಟ್ಟಡದಲ್ಲಿದ್ದೇನೆ ಎಂಬುದೂ ಗೊತ್ತಾಗಲಿಲ್ಲವಂತೆ. ಪಕ್ಕದ ಬಾಗಿಲಿನ ಮುದುಕಿಯೊಬ್ಬರು ಕುಡುಕನೆಂದುಕೊಂಡು ಬಯ್ಯಲು ಬಂದವರು, ಮುಖ ನೋಡಿ ಗಾಬರಿಯಾಗಿ ಜಾಮ್ ಬಾಟಲಿ ತಂದು ಚಮಚದಲ್ಲಿ ತಿನ್ನಿಸಿದರು. ವಿಷಯ ಗೊತ್ತಾಗಿ ಸೀಟಿ ಮೇಡಂ ಎಲ್ಲರೆದುರು ಬಯ್ದರು, ಒಂದು ವಾರ ಒಳಗೆ ಬಿಡಲಿಲ್ಲ. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಹೊರಗೆ ಬಂದು ನನ್ನ ಮುಖ ನೋಡಿ, “ಮಾತ್ರೆ ಜಾಸ್ತಿ ಆಗಿದೆ ಅಂತ ಅರ್ಥ ಕಣೇ. ಸಕ್ಕರೆ ಹೋಗ್ತಾ ಇದೆ,” ಎಂದರು. ಮದುವೆಯಾದಾಗಿನಿಂದ ಅವರ ಮುಖದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ.

ಅವತ್ತು ನಾನು ಮಗಳ ಹತ್ತಿರ ಅತ್ತೆ. ಅಪ್ಪನಿಗೆ ನೀನಾದರೂ ಹೇಳು, ಹೀಗೆ ಓಡಿ ಓಡಿ ಎಲ್ಲೋ ಬಿದ್ದುಹೋಗುತ್ತಾರೆ ಎಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹಾಗೇ ಮಲಗಿಕೊಂಡೇ ಹೇಳಿದಳು.

“ಅಪ್ಪಂದು ನಾನು ತಗೊಳ್ಳಲ್ಲ ಅಮ್ಮ. ಅವರು ಕೊಟ್ರೂ ತಗೊಳ್ಳಲ್ಲ. ಆದ್ರೆ ಈಗ ಹೇಳಿದ್ರೆ ನಾಳೇನೇ ನಿಲ್ಲಿಸಿಬಿಡ್ತಾರೆ. ನಾನು ಎಷ್ಟು ವರ್ಷದಿಂದ ಹೇಳ್ತಿದ್ದೆ, ಕೇಳಿದ್ರಾ? ಈಗ ನೋಡು, ಹೊಟ್ಟೆ ಹೋಯ್ತು, ಉಬ್ಬಸ ಹೋಯ್ತು. ಹಾಗೇ ಬಿಡು ಅವರನ್ನ.”

ಗೊತ್ತಾಯಿತಾ ಮರಿ? ಇವರು ಅವಳನ್ನು ಉಳಿಸಿಕೊಳ್ಳಲು ಓಡುತ್ತಿದ್ದರು. ಅವಳು ಇವರನ್ನು ಉಳಿಸಲು ಓಡಲು ಬಿಟ್ಟಿದ್ದಳು. ನಡುವೆ ನಾನು ಪರದೆ ಹೊಲಿಯುತ್ತಿದ್ದೆ.

ಇಲ್ಲಿಗೆ ನಿಲ್ಲಿಸಿ ಎದ್ದು ಹೋಗಿದ್ದೆ. ಒಲೆಯ ಮೇಲಿಟ್ಟ ಅನ್ನ ತಳ ಹಿಡಿದಿತ್ತು. ಮೂರು ಜನರ ಅಳತೆಗೇ ಅಕ್ಕಿ ಹಾಕುತ್ತೇನೆ ಇನ್ನೂ, ಕೈಗೆ ಬುದ್ಧಿ ಬಂದಿಲ್ಲ. ಮಧ್ಯಾಹ್ನ ಕಳೆದಿದೆ, ಬೀದಿಯಲ್ಲಿ ಯಾರೋ ಬಿಸಿಲಿಗೆ ಹಾಸಿಗೆ ಒಣಹಾಕಿ ಕೋಲಿನಿಂದ ಬಡಿಯುತ್ತಿದ್ದಾರೆ. ನಿನ್ನ ಭಾವ ಹೊರಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಾರೆ. ಓದುತ್ತಿಲ್ಲ, ಮಲಗಿಲ್ಲ. ಸುಮ್ಮನೆ ಇದ್ದಾರೆ.

ಮುಂದಿನದನ್ನು ಬೇಗ ಬರೆದುಬಿಡುತ್ತೇನೆ.

ಬೇಸಿಗೆ ಮುಗಿಯುವ ಹೊತ್ತಿಗೆ ಇವರ ಮಾತ್ರೆಗಳೆಲ್ಲ ಒಂದೊಂದಾಗಿ ನಿಂತವು. ರಕ್ತದಲ್ಲಿ ಸಕ್ಕರೆ ನನ್ನದಕ್ಕಿಂತ ಕಡಿಮೆ. ಹಾರ್ಟ್ ಡಾಕ್ಟರು ಮತ್ತೆ ಸ್ಕ್ಯಾನ್ ಮಾಡಿ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನಮ್ಮನ್ನು ಕರೆದರು. ನನಗೆ ಎರಡೂ ಬೂದಿ ಬಣ್ಣದ ಹೊಗೆಯಂತೆ ಕಂಡವು. ಆದರೆ ಹೊಸದರಲ್ಲಿ ಆ ಗೋಡೆ ಮೆಲ್ಲಗೆ ತೆರೆದುಕೊಳ್ಳುವುದು ನನ್ನ ಕಣ್ಣಿಗೂ ಗೊತ್ತಾಯಿತು. ಡಾಕ್ಟರು ಇವರ ಕೈ ಕುಲುಕಿ, ಇಷ್ಟು ಚೆನ್ನಾಗಿ ಸಡಿಲವಾದದ್ದನ್ನು ತಾನು ಅಪರೂಪಕ್ಕೆ ಕಂಡಿದ್ದೇನೆ, ಬೇರೆ ಡಾಕ್ಟರುಗಳಿಗೂ ತೋರಿಸುತ್ತೇನೆ ಎಂದರು. ಇವರು ಮೆಟ್ಟಿಲುಗಳನ್ನು ಎರಡೆರಡಾಗಿ ದಾಟುತ್ತ ಕಿಡ್ನಿ ಡಾಕ್ಟರ ಕೋಣೆಗೆ ಹೋದರು. ನಾನು ಹಿಂದಿನಿಂದ ಕಂಬಿ ಹಿಡಿದುಕೊಂಡು ಹತ್ತಿದೆ.

ಕಿಡ್ನಿ ಡಾಕ್ಟರಿಗೆ ತಾವು ಅಂದ ಮಾತು ನೆನಪೇ ಇರಲಿಲ್ಲ. ಆದರೂ ಒಳ್ಳೆಯವರು, ಸಮಿತಿಯ ಮುಂದೆ ಇಡುತ್ತೇನೆ ಎಂದು ಉಳಿದ ಪರೀಕ್ಷೆಗಳನ್ನು ಬರೆದುಕೊಟ್ಟರು. ಮೊದಲ ಸಲ ಸಕ್ಕರೆ ಎಂದ ಕೂಡಲೇ ಬಾಗಿಲು ಹಾಕಿದ್ದರಿಂದ ಆ ಪರೀಕ್ಷೆಗಳನ್ನು ಯಾರೂ ಮಾಡಿರಲಿಲ್ಲ. ಇವರ ಮೂತ್ರದಲ್ಲಿ ಪ್ರೋಟೀನು ಸೋರುತ್ತಿತ್ತು. ವರ್ಷಗಳ ಸಕ್ಕರೆ ಹೋಗುವಾಗ ಕಿಡ್ನಿಯ ಜರಡಿಯನ್ನು ಹರಿದು ಹೋಗಿತ್ತು.

ಸಮಿತಿಯವರು ಬೇಡ ಎಂದರು. ಇನ್ನು ಯಾವತ್ತಿಗೂ ಬೇಡ.

“ಹಾರ್ಟ್ ಸರಿಹೋಯ್ತಲ್ಲ ಸಾರ್. ಇದೂ ಹಾಗೇ ಸರಿಹೋಗಲ್ವಾ? ಇನ್ನೂ ಜೋರಾಗಿ ಮಾಡ್ತೀನಿ,” ಎಂದು ಇವರು ಕೇಳಿದರು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎಲ್ಲವೂ ತಿರುಗಿ ಬರೋದಿಲ್ಲ,” ಎಂದರು.

ಹಲ್ಲಿದ್ದಾಗ ಕಡಲೆ ಇಲ್ಲ ಎನ್ನುವ ಗಾದೆ ನಮ್ಮಮ್ಮ ಹೇಳುತ್ತಿದ್ದಳಲ್ಲ, ನಮಗೆ ಹಲ್ಲೂ ಬಂತು, ಕಡಲೆಯೂ ಕಂಡಿತು, ಬಾಯೇ ಹೋಯಿತು. ಮಗಳಿಗೆ ಹೇಗೆ ಹೇಳುವುದೆಂದು ಆಸ್ಪತ್ರೆಯ ಅಂಗಳದಲ್ಲಿ ಎರಡು ಸುತ್ತು ಹಾಕಿದೆವು. ಇವರೇ ಹೇಳಿದರು. ಅವಳು ಅವರ ಅಂಗೈ ತೆಗೆದುಕೊಂಡು ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ತಿರುಗಿಸಿ ನೋಡಿ, ಹೋಗಲಿ ಬಿಡಿ ಅಪ್ಪ, ನನ್ನ ಇನ್‌ಸ್ಪೆಕ್ಷನ್‌ನಲ್ಲಿ ನೀವು ಪಾಸು ಎಂದಳು. ಇವರು ನಗಲು ಹೋದರು. ಆಗಲಿಲ್ಲ. ಆದರೂ ಮರುವಾರ ನೆಲಮಾಳಿಗೆಗೆ ಹೋದರು, ಅವಳು ಕಳಿಸಿದ್ದಕ್ಕೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಎದೆ ಸೋಲತೊಡಗಿತು. ಡಯಾಲಿಸಿಸ್‌ನವರಲ್ಲಿ ಹಾಗಾಗುವುದುಂಟಂತೆ, ನೀರಿನ ಭಾರ ಎಳೆದೆಳೆದು ಹಾರ್ಟ್ ದೊಡ್ಡದಾಗುತ್ತದೆ. ಅದೇ ಹಾರ್ಟ್ ಡಾಕ್ಟರು, ಅದೇ ಪರದೆ. ಅಪ್ಪನದು ಬಿಡಿಸಿಕೊಂಡ ಹಾಗೆ ಮಗಳದು ಕಟ್ಟಿಕೊಳ್ಳುತ್ತ ಬಂತು. ಅವಳು ಕನ್ನಡಕದ ಅಂಗಡಿಗೆ ಹೋಗುವುದು ನಿಂತಿತು, ಆಮೇಲೆ ಬಾಗಿಲವರೆಗೆ ನಡೆಯುವುದು ನಿಂತಿತು. ಕೊನೆಗೆ ಡಯಾಲಿಸಿಸ್‌ಗೆಂದು ಹಾಕಿದ್ದ ಕೊಳವೆಯ ಜಾಗದಲ್ಲಿ ಸೋಂಕಾಗಿ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆವು.

ಆ ದಿನಗಳಲ್ಲಿ ಒಂದು ಬೆಳಿಗ್ಗೆ, ರೌಂಡ್ಸಿಗೆ ಬಂದ ಹಾರ್ಟ್ ಡಾಕ್ಟರನ್ನು ಇವರು ವಾರ್ಡಿನ ಬಾಗಿಲಲ್ಲಿ ತಡೆದು ನಿಲ್ಲಿಸಿದರು. ನಾನು ಪಕ್ಕದಲ್ಲೇ ಇದ್ದೆ. ಕೈ ಎದೆಯ ಮೇಲಿಟ್ಟುಕೊಂಡು, ಯಾವುದೋ ಸಾಮಾನಿನ ವಿಷಯ ಮಾತಾಡುವಂತೆ ಮೆಲ್ಲಗೆ ಹೇಳಿದರು.

“ಇದು ಚೆನ್ನಾಗಿದೆ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಇದನ್ನ ಅವಳಿಗೆ ಹಾಕಿ. ನಾನು ಎಲ್ಲಿ ಬೇಕಾದ್ರೂ ಸಹಿ ಮಾಡ್ತೀನಿ.”

ಆ ಹುಡುಗ ಡಾಕ್ಟರು ಇವರ ಭುಜ ಹಿಡಿದುಕೊಂಡು ನಿಂತರು. ಅವರ ಕಣ್ಣಲ್ಲಿ ನೀರು ನೋಡಿದಾಗಲೇ ನನಗೆ ಎಲ್ಲ ಗೊತ್ತಾಯಿತು.

ಅವಳು ಹೋದದ್ದು ಗುರುವಾರ, ಊಟದ ಹೊತ್ತಿಗೆ. ಹೋಗುವ ಮೊದಲು ಸ್ವಲ್ಪ ನೀರು ಕೇಳಿದಳು. ಎಷ್ಟೋ ತಿಂಗಳಿಂದ ಅವಳಿಗೆ ನೀರನ್ನು ಅಳೆದು ಕೊಡುತ್ತಿದ್ದೆವಲ್ಲ, ಅವತ್ತು ಸಿಸ್ಟರ್ ಬೇಕಾದಷ್ಟು ಕೊಡಿ ಎಂದರು. ನಾನು ಲೋಟ ತುಂಬ ಹಿಡಿದೆ. ಎರಡು ಗುಟುಕು ಕುಡಿದಳು, ಅಷ್ಟೇ.

ನೀನು ಬರಲಾಗಲಿಲ್ಲ. ಅದಕ್ಕೆ ನನ್ನಲ್ಲಿ ಬೇಸರವಿಲ್ಲ, ಬಂದಿದ್ದರೂ ನಿನ್ನೊಡನೆ ಮಾತಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ನಿನ್ನ ಭಾವ ವ್ಯಾಯಾಮ ಬಿಟ್ಟಿದ್ದಾರೆ. ಎಲ್ಲ ಮುಗಿಸಿ ಮನೆಗೆ ಬಂದ ದಿನ ಬೂಟು ಬಿಚ್ಚಿದವರು ಮತ್ತೆ ಹಾಕಲಿಲ್ಲ. ಸೀಟಿ ಮೇಡಂ ಮನೆಗೇ ಬಂದಿದ್ದರು, ಕೊರಳಲ್ಲಿ ಸೀಟಿ ಇಲ್ಲದೆ. ಆಗ ಅವರನ್ನು ನಾನು ಗುರುತೇ ಹಿಡಿಯಲಿಲ್ಲ. ಅವರು ಇವರ ಎದುರು ಕೂತು ಮೃದುವಾಗಿ ಹೇಳಿದರು. ಗಳಿಸಿದ್ದು ಕೂಡಿಟ್ಟರೆ ಇರುವಂಥದ್ದಲ್ಲ ಇದು, ಬಿಟ್ಟರೆ ಕೆಲವೇ ವಾರಗಳಲ್ಲಿ ಹಾರ್ಟ್ ಮತ್ತೆ ಬಿರುಸಾಗುತ್ತದೆ, ಸಕ್ಕರೆ ಮರಳಿ ಬರುತ್ತದೆ, ಬಂದರೆ ಈ ಸಲ ಕಿಡ್ನಿಯನ್ನೂ ಬಿಡುವುದಿಲ್ಲ ಎಂದು. ಇವರು ಮರ್ಯಾದೆಯಿಂದ ಕೇಳಿಸಿಕೊಂಡರು. “ಯಾರಿಗೋಸ್ಕರ ಬಂದಿತ್ತೋ ಅವಳೇ ಹೋದಳಲ್ಲ ಮೇಡಂ. ಇದೂ ಹೋಗ್ಲಿ,” ಎಂದರು.

ಈಗ ಸಕ್ಕರೆ ಏರಿದೆ. ಮಾತ್ರೆ ತಂದಿಟ್ಟಿದ್ದೇನೆ. ನುಂಗಿದರೆ ನುಂಗಿದರು, ಇಲ್ಲದಿದ್ದರೆ ಇಲ್ಲ. ಮೊನ್ನೆ ನನ್ನ ಎದುರಿಗೇ ಟೀಗೆ ಸಕ್ಕರೆ ಹಾಕಿಕೊಂಡರು, ಒಂದು, ಎರಡು, ಮೂರು ಚಮಚ. ನನ್ನ ಮುಖ ನೋಡುತ್ತಲೇ ಕಲಕಿದರು. ನಾನು ತಡೆಯಬಹುದೆಂದು ಕಾದರೋ ಏನೋ. ನಾನು ತಡೆಯಲಿಲ್ಲ ಮರಿ. ನನ್ನ ಲೋಟವನ್ನೂ ಮುಂದೆ ಸರಿಸಿದೆ. ಕೆಲಸಕ್ಕೆ ಹೋಗುತ್ತಾರೆ, ಕೆಟ್ಟದ್ದನ್ನು ಸರಿಮಾಡುತ್ತಾರೆ. ಆಮೇಲೆ ತಾರಸಿಯ ಮೋಟಾರು ಕೋಣೆಯಲ್ಲೇ ಕೂತುಬಿಡುತ್ತಾರಂತೆ, ಕಾವಲುಗಾರ ಹೋಗಿ ಕರೆಯುವವರೆಗೆ. ಈಚೆಗೆ ಅರ್ಧ ಮಹಡಿ ಹತ್ತಿದರೆ ನಿಂತು ಉಸಿರೆಳೆಯುತ್ತಾರೆ ಎಂದು ಅವನೇ ಹೇಳಿದ.

ಇದು ನಿನ್ನ ಭಾವನ ಎದೆಯ ಸಮಾಚಾರ. ನನ್ನದನ್ನು ಯಾರೂ ಸ್ಕ್ಯಾನ್ ಮಾಡಿಲ್ಲ.

ಹೊಲಿಯಲು ಬಂದ ಪರದೆಗಳು ಹಾಗೇ ಬಿದ್ದಿವೆ. ಅಂಗಡಿಯವರು ಒಳ್ಳೆಯವರು, ಅವಸರ ಮಾಡುತ್ತಿಲ್ಲ. ಅವಳ ಕೋಣೆಯ ಕಿಟಕಿಗೆಂದು ಹೊಲಿದಿಟ್ಟ ಹಸಿರು ಜೋಡಿಯನ್ನು ನಿನಗೆ ಕಳಿಸೋಣ ಎಂದುಕೊಂಡೆ, ಆಮೇಲೆ ಬೇಡವೆನ್ನಿಸಿತು. ನಿನ್ನ ದೊಡ್ಡ ಮಗನ ಪರೀಕ್ಷೆ ಹತ್ತಿರ ಬಂದಿರಬೇಕು, ಚೆನ್ನಾಗಿ ಬರೆಯಲಿ. ಚಿಕ್ಕವನಿಗೆ ಕೆಮ್ಮು ಎಂದು ಬರೆದಿದ್ದೆಯಲ್ಲ, ಬಿಸಿನೀರು ಕುಡಿಸು. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ನೂರು ಕಾಲ ಬಾಳಲಿ, ಅವರ ತಾಯಿಯಾಗಿ ನೀನೂ ಅವರ ಕಣ್ಮುಂದೆ ತುಂಬ ದಿನ ಇರು. ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ಇಂತಿ ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ಇನ್ನೊಂದು ಮಾತು: ಸಹಿ ಹಾಕಿದ ಮೇಲೆ ಇದು ನೆನಪಾದದ್ದಲ್ಲ. ಬರೆಯಲೋ ಬೇಡವೋ ಎಂದು ಬೆಳಗಿನಿಂದ ಹೊಯ್ದಾಡಿದ್ದೇನೆ.

ಅವಳಿಗೆ ಕಿಡ್ನಿ ಕೊಡಲು ಮಾಡಿಸಿದ ನಿನ್ನ ಪರೀಕ್ಷೆಗಳೆಲ್ಲ ಸರಿಬಂದಿದ್ದವು. ಆಪರೇಷನ್ನಿಗೆ ದಿನ ಗೊತ್ತುಮಾಡುವುದೊಂದೇ ಬಾಕಿ ಇತ್ತು. ಆಸ್ಪತ್ರೆಯ ಮುಂದಿನ ಬಸ್ ನಿಲ್ದಾಣದಲ್ಲಿ ನೀನು ನನ್ನ ಕೈ ಹಿಡಿದು, “ಅಕ್ಕ, ನನ್ ಕೈಲಾಗಲ್ಲ, ನಂಗೆ ತುಂಬಾ ಭಯ, ಮಕ್ಕಳು ಚಿಕ್ಕವು,” ಎಂದೆ. ನಾನು ನಿನ್ನ ತಲೆ ಸವರಿ ಬಸ್ ಹತ್ತಿಸಿದೆ. ಭಯಪಟ್ಟದ್ದಕ್ಕೆ ನಿನ್ನನ್ನು ಬಯ್ಯಲಾರೆ, ಅಂದೂ ಬಯ್ಯಲಿಲ್ಲ. ಆದರೆ ಮನೆಯಲ್ಲಿ ಅವರಿಬ್ಬರಿಗೆ ಏನಾದರೂ ಹೇಳಬೇಕಿತ್ತು. ನಿನ್ನ ಹಾರ್ಟ್ ಪರೀಕ್ಷೆ ಸರಿಬರಲಿಲ್ಲವಂತೆ, ಡಾಕ್ಟರೇ ಬೇಡ ಅಂದರಂತೆ ಎಂದೆ.

ಮಗಳು ನಂಬಿದಳು. ಅವತ್ತಿನಿಂದ ಅವಳಿಗೆ ನಿನ್ನದೇ ಚಿಂತೆ. ಆಸ್ಪತ್ರೆ ಸೇರಿದ ಮೇಲೂ, “ಚಿಕ್ಕಮ್ಮನ್ನ ಅಲ್ಲಿ ಯಾರು ನೋಡ್ಕೊಳ್ತಾರೆ ಅಮ್ಮ? ಅಪ್ಪನ ಹಾರ್ಟ್ ಸರಿಹೋಯ್ತಲ್ಲ, ಅವರನ್ನೂ ಕರೆಸಿ ಆ ವ್ಯಾಯಾಮಕ್ಕೆ ಸೇರಿಸು,” ಎಂದಳು. ಹಾಗೆಂದು ನಂಬಿಕೊಂಡೇ ಹೋದಳು.

ನಿನ್ನ ಭಾವ ಈಗಲೂ ನಂಬಿದ್ದಾರೆ. ಅವತ್ತು ಸೀಟಿ ಮೇಡಂ ಎದ್ದು ಹೊರಟಾಗ ಇವರು ಬಾಗಿಲವರೆಗೆ ಹೋಗಿ, ವ್ಯಾಯಾಮದ ಕೋಣೆಯಲ್ಲಿದ್ದ ತಮ್ಮ ಜಾಗವನ್ನು ನಿನಗೆ ಕೊಡಿಸಿದ್ದಾರೆ. ಇನ್‌ಸ್ಪೆಕ್ಟರ್ ಹೇಳಿ ಹೋಗಿದ್ದಾಳೆ, ಅದೊಂದನ್ನಾದರೂ ನಡೆಸಬೇಕು ಎನ್ನುತ್ತಾರೆ. ಮುಂದಿನ ಸೋಮವಾರ ನಿನ್ನನ್ನು ಕರೆತರಲು ಸ್ಟೇಷನ್ನಿಗೆ ತಾವೇ ಬರುತ್ತಾರಂತೆ.

ಅವರಿಗೆ ನಾನು ಏನು ಹೇಳಲಿ, ಮರಿ?